ಮದ್ರಾಸಿನಿಂದ ಕಣ್ಣೂರಿನವರೆಗೆ: ವಿಧಿವಿಜ್ಞಾನ ನಡೆದುಬಂದ ದಾರಿ

ವಿಷಪ್ರಾಶನದ ಶಂಕೆಯಿದ್ದಲ್ಲಿ ಮೃತದೇಹದ ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಗಾಢ ಉಪ್ಪುನೀರಿನಲ್ಲಿಟ್ಟು, ಜಾಡಿಗೆ ಮುದ್ರೆಯೊತ್ತಿ ರಾಸಾಯನಿಕ ಪರೀಕ್ಷಕರಿಗೆ ಕಳುಹಿಸುವ ಕ್ರಮ ಇಂದಿಗೂ ಉಳಿದಿದೆ. ಇಂಥ ಪರೀಕ್ಷೆಗೆಂದೇ ಭಾರತದ ಮೊದಲ ಪ್ರಯೋಗಾಲಯ 1849ರಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು. ಈಗ ಕೇರಳದಲ್ಲಿರುವ ಕಾಸರಗೋಡು 1956ರವರೆಗೂ ಮದ್ರಾಸಿನ ಆಡಳಿತಕ್ಕೇ ಸೇರಿತ್ತು.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ತೆರೆಯಿತು. ಅಲ್ಲಿನ ವರ್ಗೀಕರಣ ಪದ್ಧತಿಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದರೂ, ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಮರುವರ್ಷ ಜಲ್ಪಾಯಿಗುರಿಯ ಚಹಾ ತೋಟದ ವ್ಯವಸ್ಥಾಪಕರೊಬ್ಬರ ಕೊಲೆಯಾದಾಗ, ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗವೊಂದರ ಮೇಲಿದ್ದ ಕಂದು ಕಲೆ, ಹಿಂದೆ ಶಿಕ್ಷೆಗೊಳಗಾಗಿದ್ದ ಮಾಜಿ ಸೇವಕನ ಬಲ ಹೆಬ್ಬೆರಳಿನ ಗುರುತಿಗೆ ತಾಳೆಯಾಯಿತು. ನ್ಯಾಯಾಲಯ ಅವನನ್ನು ಕಳವಿಗಾಗಿ ಶಿಕ್ಷಿಸಿತು, ಆದರೆ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ನನ್ನ ದೃಷ್ಟಿಯಲ್ಲಿ ಅದು ಹಿಂಜರಿಕೆಯಲ್ಲ, ವಿವೇಕ: ಬೆರಳಚ್ಚು ಮುಟ್ಟಿದವನನ್ನು ತೋರಿಸುತ್ತದೆ, ಕೊಂದವನನ್ನಲ್ಲ. ತಜ್ಞರ ವರದಿಯನ್ನು ಕಾನೂನು ಇಂದಿಗೂ ಅಭಿಪ್ರಾಯವೆಂದೇ ಪರಿಗಣಿಸುತ್ತದೆ.

ರಾಜ್ಯ ಪುನರ್ವಿಂಗಡಣೆಯ ನಂತರ ಕಾಸರಗೋಡಿನ ಮಾದರಿಗಳ ದಾರಿ ತಿರುವನಂತಪುರದತ್ತ ತಿರುಗಿತು. ಈಗ ಕಣ್ಣೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯವಿದೆ. ಅದೇ ಜಿಲ್ಲೆಯ ತಲಶ್ಶೇರಿಯ ನ್ಯಾಯಾಲಯ ಪಿತೃತ್ವದ ವ್ಯಾಜ್ಯವೊಂದರಲ್ಲಿ ಹೈದರಾಬಾದಿನ ವಿಜ್ಞಾನಿ ಲಾಲ್‌ಜಿ ಸಿಂಗ್ ಅವರ ಡಿಎನ್‌ಎ ಪರೀಕ್ಷೆಯನ್ನು ಒಪ್ಪಿಕೊಂಡಿತು. ಭಾರತದ ನ್ಯಾಯಾಲಯಗಳಲ್ಲಿ ಡಿಎನ್‌ಎ ಸಾಕ್ಷ್ಯದ ಚರಿತ್ರೆ ಶುರುವಾಗುವುದು ಅಲ್ಲಿಂದಲೇ.

ಆದರೆ ಡಿಎನ್‌ಎ ತೇವಕ್ಕೆ ಹೆದರುತ್ತದೆ. ರಕ್ತ ಹತ್ತಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬ್ಯಾಕ್ಟೀರಿಯಾ ಬೆಳೆದು ಮಾದರಿ ಕೆಡುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಬೇಕು. ಕರಾವಳಿಯ ಆಷಾಢದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮಹಜರಿನಲ್ಲಿ ಬರೆದ ವಿವರಕ್ಕೂ ಪೊಟ್ಟಣದ ಮೇಲಿನ ಮುದ್ರೆಗೂ ಹೊಂದಾಣಿಕೆಯಿಲ್ಲದಿದ್ದರೆ ಪಾಟೀಸವಾಲಿನಲ್ಲಿ ಉತ್ತಮ ವರದಿಯೂ ನಿಲ್ಲುವುದಿಲ್ಲ.

ಇಷ್ಟು ಕಾಲ ಹೆಚ್ಚಾಗಿ ವಸ್ತುಗಳೇ ತಜ್ಞರನ್ನು ಹುಡುಕಿಕೊಂಡು ಹೋಗುತ್ತಿದ್ದವು. ಅಪರಾಧಗಳ ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು ಈ ಕ್ರಮವನ್ನು ತಿರುಗಿಸುತ್ತದೆ: ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರೇ ಸ್ಥಳಕ್ಕೆ ಬರಬೇಕು, ಸಂಗ್ರಹಣೆಯ ವಿಡಿಯೊ ಚಿತ್ರೀಕರಣವಾಗಬೇಕು. ಇದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಸೌಲಭ್ಯವಿಲ್ಲದ ರಾಜ್ಯವು ಬೇರೆ ರಾಜ್ಯದ ಸೌಲಭ್ಯ ಬಳಸಬಹುದೆಂದೂ ಕಲಮು ಹೇಳುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೆ ಕಣ್ಣೂರಿಗಿಂತ ಕರ್ನಾಟಕದ ಮಂಗಳೂರು ಎಷ್ಟೋ ಹತ್ತಿರ. ಆದರೂ ಈ ಅವಕಾಶ ಸೌಲಭ್ಯದ ಕೊರತೆಗೆ ಮೀಸಲಾದುದೇ ಹೊರತು ದೂರದ ಕಾರಣಕ್ಕೆ ಅನ್ವಯಿಸುವುದಿಲ್ಲ.