ಕೊಳ್ಳದವರ ಲೆಕ್ಕ

ಹಂಗಾಮು ಮುಗಿದ ಮೇಲೆ ನಮ್ಮ ಕಚೇರಿಯಲ್ಲಿ ಒಂದು ಮೀಟಿಂಗ್ ನಡೆಯುತ್ತದೆ. ಯಾವ ಜಿಲ್ಲೆಯಲ್ಲಿ ಎಷ್ಟು ಪಾಲಿಸಿ ಹೋಯಿತು, ಎಷ್ಟು ಪ್ರೀಮಿಯಂ ಬಂತು, ಎಷ್ಟು ಕ್ಲೇಮು ಕೊಟ್ಟೆವು ಎಂದು ಮಾರಾಟ ವಿಭಾಗದವರು ಒಂದೊಂದೇ ಸ್ಲೈಡ್ ತೋರಿಸುತ್ತಾ ಹೋಗುತ್ತಾರೆ. ಬೆಳೆ ವಿಮೆಯ ಪಾಲಿಸಿ ರೂಪಿಸುವ ಕೆಲಸಕ್ಕೆ ನಾನು ಸೇರಿ ಕೆಲವು ವರ್ಷಗಳಾಗಿದ್ದಾಗ, ಇಂಥದೇ ಒಂದು ಮೀಟಿಂಗಿಗೆ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಏಜೆಂಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬೇಡ ಅಂದವರು ಎಷ್ಟು ಜನ?"

ಯಾರೂ ಬಾಯಿ ಬಿಡಲಿಲ್ಲ. ಮಾರಾಟದ ಮುಖ್ಯಸ್ಥರು ನಕ್ಕು, "ಮೇಡಂ, ಅಂಗಡಿಗೆ ಬಂದು ಹಂಗೇ ವಾಪಸ್ ಹೋದವರ ಲೆಕ್ಕ ಯಾವ ಅಂಗಡಿಯವನು ಇಡ್ತಾನೆ?" ಅಂದರು.

ಇಡುವುದಿಲ್ಲ, ನಿಜ. ಕಂಪನಿಯ ಪುಸ್ತಕದಲ್ಲಿ ಕೊಂಡವರ ಹೆಸರಿರುತ್ತದೆ. ಕೊಳ್ಳದವರು ಅಲ್ಲಿ ಹುಟ್ಟಿಯೇ ಇರುವುದಿಲ್ಲ. ವಿಶ್ವವಿದ್ಯಾಲಯದವರ ಜೊತೆ ಒಪ್ಪಂದ ಅಂದಕೂಡಲೇ ನಮ್ಮ ಆಡಳಿತ ಮಂಡಳಿಯವರು ಏನೋ ದೊಡ್ಡ ಸೂತ್ರ ಬರುತ್ತದೆ, ಮಾಡೆಲ್ ಬರುತ್ತದೆ ಎಂದು ಕಾಯುತ್ತಾರೆ. ಸೂತ್ರಕ್ಕೆ ನಮ್ಮಲ್ಲೇ ಆಕ್ಚುಯರಿಗಳಿದ್ದಾರೆ, ಅಂದರೆ ವಿಮೆಯ ಅಪಾಯ, ದರಗಳ ಲೆಕ್ಕ ಹಾಕುವವರು. ನಮ್ಮ ಹತ್ತಿರ ಇಲ್ಲದಿರುವುದು ಆ ಕೊಳ್ಳದವರ ಲೆಕ್ಕ, ಮತ್ತು ಅದನ್ನು ತೆಗೆಯುವ ವಿಧಾನ. ಮಳೆ ವಿಮೆಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಿದರೆ ಇದು ಸ್ಪಷ್ಟವಾಗುತ್ತದೆ.

ಹಿಂದೆ ಅಂದರೆ ನೂರು ವರ್ಷಕ್ಕೂ ಹಿಂದೆ, ಅದೂ ನಮ್ಮ ಮೈಸೂರಿನಲ್ಲೇ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿ ಎನ್ನುವವರು 1915ರ ಸುಮಾರಿಗೇ ಮಳೆ ವಿಮೆಯ ಬಗ್ಗೆ ಬರೆದರು. 1920ರಲ್ಲಿ ಅದು ಪುಸ್ತಕವಾಗಿಯೂ ಬಂತು. ಅವರ ಯೋಚನೆ ಸರಳ. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ಎಷ್ಟು ಬೆಳೆ ಹಾಳಾಯಿತು ಎಂದು ಅಳೆಯುತ್ತ ಕೂತರೆ ಆಗುವ ಕೆಲಸವಲ್ಲ. ಆ ಪ್ರದೇಶದಲ್ಲಿ ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ವಿಮೆ ಮಾಡಿಸಿದವರಿಗೆಲ್ಲ ಹಣ ಕೊಟ್ಟುಬಿಡಿ. ಇವತ್ತು ಜಗತ್ತೆಲ್ಲ ಸೂಚ್ಯಂಕ ವಿಮೆ ಎಂದು ಕರೆಯುವುದರ ತಿರುಳು ಇಷ್ಟೇ. ಆದರೆ ಬರೆದವರಿದ್ದರೇ ಹೊರತು ಮಾರುವವರಿರಲಿಲ್ಲ. ಯೋಜನೆ ಕಾಗದದಲ್ಲೇ ಉಳಿಯಿತು.

ಅದು ಹೊಲಕ್ಕೆ ಇಳಿದದ್ದು 2003ರಲ್ಲಿ, ಆಗಿನ ಆಂಧ್ರಪ್ರದೇಶದ ಮೆಹಬೂಬ್‌ನಗರ ಜಿಲ್ಲೆಯಲ್ಲಿ. ವಿಮೆ ಕೊಟ್ಟದ್ದು ಐಸಿಐಸಿಐ ಲೊಂಬಾರ್ಡ್. ಊರೂರಿಗೆ ಹೋಗಿ ಮಾರಿದ್ದು ಹಳ್ಳಿಗಳಲ್ಲಿ ಸಾಲ ಕೊಡುತ್ತಿದ್ದ ಬೇಸಿಕ್ಸ್ ಎಂಬ ಸಂಸ್ಥೆ. ತಾಂತ್ರಿಕ ನೆರವು ವಿಶ್ವಬ್ಯಾಂಕಿನದು. ಮೊದಲ ವರ್ಷ ಕೊಂಡವರು ಸುಮಾರು 230 ಜನ, ಶೇಂಗಾ ಮತ್ತು ಔಡಲ ಬೆಳೆಯುವವರು.

ಪಾಲಿಸಿ ಹೇಗಿತ್ತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಸುಬಿನ ಕುಸುರಿ ಇರುವುದೇ ಇಲ್ಲಿ. 2004ರ ಹೊತ್ತಿಗೆ ರೂಪಾಂತರಗೊಂಡ ಪಾಲಿಸಿಯಲ್ಲಿ ಹಂಗಾಮನ್ನು ಬಿತ್ತನೆ, ಹೂವು-ಕಾಯಿ, ಕಟಾವು ಎಂದು ಮೂರು ಹಂತ ಮಾಡಿದ್ದರು. ಜೂನ್ 1ರಿಂದ ಲೆಕ್ಕ ಹಿಡಿದು ಒಟ್ಟು ಮಳೆ 50 ಮಿ.ಮೀ. ದಾಟಿದ ದಿನ ಮೊದಲ ಹಂತ ಶುರು, ಯಾಕೆಂದರೆ ನೆಲ ಹಸಿಯಾಗದೆ ಯಾರೂ ಬಿತ್ತುವುದಿಲ್ಲ. ದಿನಕ್ಕೆ 2 ಮಿ.ಮೀ.ಗಿಂತ ಕಡಿಮೆ ಬಿದ್ದದ್ದು ಲೆಕ್ಕಕ್ಕಿಲ್ಲ. ಅದು ಬೇರಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ. ಒಂದೇ ದಿನ 60 ಮಿ.ಮೀ. ಮೀರಿ ಸುರಿದರೂ ಲೆಕ್ಕಕ್ಕೆ 60 ಮಾತ್ರ. ಉಳಿದದ್ದು ಹರಿದು ಹಳ್ಳ ಸೇರುತ್ತದೆ. ಮೊದಲೆರಡು ಹಂತಗಳಲ್ಲಿ ಮಳೆ ನಿಗದಿತ ಮಟ್ಟಕ್ಕಿಂತ ಕೆಳಗೆ ಹೋದರೆ, ಕಡಿಮೆಯಾದ ಪ್ರತಿ ಮಿಲಿಮೀಟರಿಗೆ ಇಂತಿಷ್ಟು ಹಣ. ಸರ್ವೇಯರ್ ಬರಬೇಕಿಲ್ಲ, ಪಂಚನಾಮೆ ಬೇಕಿಲ್ಲ, ತಾಲ್ಲೂಕು ಕಚೇರಿಗೆ ಅಲೆಯಬೇಕಿಲ್ಲ.

ಕಾಗದದ ಮೇಲೆ ಇಷ್ಟು ಅಂದವಾದ ಪಾಲಿಸಿಯನ್ನು ರೈತರು ಮುಗಿಬಿದ್ದು ಕೊಳ್ಳಬೇಕಿತ್ತು. ಕೊಳ್ಳಲಿಲ್ಲ.

ಸಂಶೋಧಕರು ಒಳಗೆ ಬಂದದ್ದು ಈ ಹಂತದಲ್ಲಿ. ಜ಼ೇವಿಯರ್ ಜಿನೆ, ರಾಬರ್ಟ್ ಟೌನ್‌ಸೆಂಡ್, ಜೇಮ್ಸ್ ವಿಕರಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅದೇ ಸೀಮೆಯಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿದರು. ಕೊಂಡವರನ್ನೂ ಕೇಳಿದರು, ಕೊಳ್ಳದವರನ್ನೂ ಕೇಳಿದರು. 2008ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಫಲಿತಾಂಶ ನಮ್ಮಂಥವರ ನಿದ್ದೆ ಕೆಡಿಸುವಂಥದು. ಅಪಾಯಕ್ಕೆ ಹೆಚ್ಚು ಹೆದರುವವನು ವಿಮೆಯನ್ನು ಹೆಚ್ಚು ಕೊಳ್ಳಬೇಕು. ನಾವು ಓದಿದ ಪಠ್ಯದ ಮೊದಲ ಪಾಠವೇ ಅದು. ಇಲ್ಲಿ ಆದದ್ದು ತಿರುವುಮುರುವು. ಹೆದರುವವರೇ ದೂರ ಉಳಿದರು. ಕೊಂಡವರು ಬೇಸಿಕ್ಸಿನ ಪರಿಚಯ ಇದ್ದವರು, ಊರಿನಲ್ಲಿ ಪ್ರಗತಿಪರ ಎನಿಸಿಕೊಂಡವರು. ಕೊಳ್ಳದವರನ್ನು ಯಾಕೆ ಎಂದು ಕೇಳಿದರೆ ಬಹಳ ಜನ "ನಮಗೆ ಅರ್ಥ ಆಗಲಿಲ್ಲ" ಅಂದರು.

ಹೆದರುವವನು ಯಾಕೆ ಕೊಳ್ಳಲಿಲ್ಲ? ಆಕ್ಚುಯರಿಯೂ ಆಗಿದ್ದ ಡೇನಿಯಲ್ ಕ್ಲಾರ್ಕ್ ಆಮೇಲೆ ಇದಕ್ಕೆ ಕೊಟ್ಟ ಉತ್ತರವನ್ನು ನಾನು ಒಂದು ಲೆಕ್ಕದ ಮೂಲಕ ಹೊಸಬರಿಗೆ ಹೇಳುತ್ತೇನೆ. ಒಳ್ಳೇ ವರ್ಷ ಒಬ್ಬನಿಗೆ 40,000 ರೂಪಾಯಿ ಹುಟ್ಟುತ್ತದೆ, ಬರದಲ್ಲಿ 10,000 ಎಂದಿಟ್ಟುಕೊಳ್ಳಿ. ವಿಮೆ ಇಲ್ಲದಿದ್ದರೆ ಅವನ ಪಾಲಿನ ಅತಿ ಕೆಟ್ಟ ವರ್ಷ 10,000ದ್ದು. ಈಗ 1,000 ರೂಪಾಯಿ ಪ್ರೀಮಿಯಂ ಕಟ್ಟುತ್ತಾನೆ. ಅವನ ಹೊಲ ಒಣಗಿತು, ಆದರೆ ಎಂಟು ಕಿಲೋಮೀಟರ್ ಆಚೆ ಇರುವ ಮಳೆಮಾಪಕದ ಮೇಲೆ ಮಾತ್ರ ಮಳೆ ಬಿತ್ತು. ಕ್ಲೇಮು ಇಲ್ಲ. ಕೈಯಲ್ಲಿ ಉಳಿದದ್ದು 9,000. ಅಂದರೆ ವಿಮೆ ಮಾಡಿಸಿದ್ದರಿಂದಲೇ ಅವನ ಕೆಟ್ಟ ವರ್ಷ ಇನ್ನೂ ಕೆಟ್ಟಿತು. ಅತಿ ಕೆಟ್ಟ ದಿನಕ್ಕೆ ಹೆದರುವವನು ಇದನ್ನು ಕೊಳ್ಳದಿರುವುದೇ ಜಾಣತನ. ನಾವು ಅವನನ್ನು ದಡ್ಡ ಎಂದುಕೊಂಡು ತಿಳಿವಳಿಕೆ ಶಿಬಿರ ಮಾಡುತ್ತಿದ್ದೆವು.

ಇದನ್ನು ನಾನು ಕಣ್ಣಾರೆ ನೋಡಿದ್ದು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಊರಿನಲ್ಲಿ. ಅಡಿಕೆಗೆ ನಮಗೆ ಬೇಕಾದ್ದು ಬರದ ವಿಮೆಯಲ್ಲ, ಬಿಡದೆ ಸುರಿಯುವ ಮಳೆಯದು. ಅದು ಹೊಯ್ದಷ್ಟೂ ಕೊಳೆರೋಗ. ಆ ವರ್ಷ ಎರಡು ಸಲ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದರೂ ಕಾಯಿ ಉದುರಿ ತೋಟದ ತುಂಬ ಹರಡಿತ್ತು. ಕ್ಲೇಮು ಮಾತ್ರ ಬರಲಿಲ್ಲ. ದೊಡ್ಡಪ್ಪ ಫೋನಿನಲ್ಲಿ, "ನಮ್ಮ ತೋಟಕ್ಕೆ ಬಿದ್ದ ಮಳೆ ನಿಮ್ಮ ಡಬ್ಬಿಗೆ ಬಿದ್ದೇ ಇಲ್ವಂತಲ್ಲ ಮಾರಾಯ. ಒಂದ್ಸಲ ಬಂದು ನೋಡಿ ಹೋಗು" ಅಂದರು. ಆ ಸಂಶೋಧಕಿಯ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ. ಡಬ್ಬಿ ಅಂದರೆ ಮಳೆಮಾಪಕ, ನಮ್ಮದೇ ಕಂಪನಿ ಹಾಕಿಸಿದ್ದು. ಕಚೇರಿಯಲ್ಲಿ ಅದು ಅಕ್ಷಾಂಶ, ರೇಖಾಂಶದ ಎರಡು ಅಂಕಿ. ಅಲ್ಲಿ ಹೋಗಿ ನೋಡಿದರೆ ಅದರ ಮೇಲೆ ಪಕ್ಕದ ಮನೆಯ ಹಲಸಿನ ಕೊಂಬೆ ಚಾಚಿಕೊಂಡಿದೆ. ಹಾಕಿಸಿದಾಗ ಆ ಕೊಂಬೆ ಇರಲಿಲ್ಲವಂತೆ. ವಿದ್ಯಾರ್ಥಿ ಮುಚ್ಚಳ ಬಿಚ್ಚಿದ. ಒಳಗೆ ತಕ್ಕಡಿಯಂತೆ ಆಚೀಚೆ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿ ವಾಲಿದಾಗಲೆಲ್ಲ ಒಂದು ಎಣಿಕೆ. ಬಟ್ಟಲಿನ ಕೆಳಗೆ ಇರುವೆ ಗೂಡು ಕಟ್ಟಿ, ಅದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಆಡಿಟ್ ಆಗಿದ್ದ ದತ್ತಾಂಶ ಅದು!

ಮಳೆಮಾಪಕ ದೂರವಾದಷ್ಟೂ ರೈತರ ಬೇಡಿಕೆ ಇಳಿಯುತ್ತದೆ ಎನ್ನುವುದನ್ನು ಮುಷ್ಫಿಕ್ ಮೊಬಾರಕ್ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಹಳ್ಳಿಗಳಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಅವರ ಪ್ರಬಂಧವನ್ನು ನಾನು ಮೊದಲೇ ಓದಿದ್ದೆ. ಇರುವೆ ಗೂಡು ನೋಡುವವರೆಗೆ ಅದು ನನಗೆ ನಾಟಿರಲಿಲ್ಲ.

"ಅರ್ಥ ಆಗಲಿಲ್ಲ" ಎಂಬ ಉತ್ತರಕ್ಕೆ ಮತ್ತೆ ಬರುತ್ತೇನೆ. ಕಂಪನಿಯವರು ಕೇಳಿದರೆ, ಸರಿ, ಅರ್ಥ ಮಾಡಿಸೋಣ ಎನ್ನುತ್ತೇವೆ. ಶಾನ್ ಕೋಲ್ ಮತ್ತು ಸಂಗಡಿಗರು ಆಂಧ್ರ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಅದನ್ನೇ ಪರೀಕ್ಷೆಗೆ ಹಚ್ಚಿದರು. ಚೀಟಿ ಎತ್ತಿ, ಕೆಲವು ಮನೆಗಳಿಗೆ ಮಿಲಿಮೀಟರ್ ಅಂದರೇನು ಎಂದೆಲ್ಲ ಹೆಚ್ಚಿನ ಪಾಠ, ಕೆಲವಕ್ಕೆ ರಿಯಾಯಿತಿ, ಕೆಲವಕ್ಕೆ ಕೈಯಲ್ಲಿ ಒಂದಿಷ್ಟು ನಗದು. ಕೆಲವು ಮನೆಗಳಿಗೆ ಬೇಸಿಕ್ಸಿನ ಪರಿಚಿತ ಕಾರ್ಯಕರ್ತನೇ ಬಂದು "ಇವರು ನಮ್ಮವರು" ಎಂದು ಮಾರುವವನನ್ನು ಪರಿಚಯಿಸಿದ. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಾಠದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಪರಿಚಿತನ ಒಂದು ಮಾತಿನಿಂದ ಆಯಿತು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಹೊತ್ತಿಗೆ ಕೈಯಲ್ಲಿದ್ದ ನಗದು.

ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಬೀಜ, ಗೊಬ್ಬರ, ಮಕ್ಕಳ ಶಾಲೆ ಫೀಸು ಎಲ್ಲ ಒಟ್ಟಿಗೆ ಮೈಮೇಲೆ ಬರುವ ಜೂನಿನಲ್ಲೇ ನಾವು ಪ್ರೀಮಿಯಂ ಕೇಳುತ್ತೇವೆ. ಕೀನ್ಯಾದಲ್ಲಿ ಲೊರೆಂಜ಼ೊ ಕಸಬೂರಿ ಮತ್ತು ಜ್ಯಾಕ್ ವಿಲ್ಲಿಸ್ ಒಂದು ಕಬ್ಬಿನ ಕಂಪನಿಯ ಜೊತೆ ಸೇರಿ ಇದಕ್ಕೊಂದು ಸಣ್ಣ ತಿರುವು ಕೊಟ್ಟರು. ಪ್ರೀಮಿಯಂ ಮೊದಲೇ ಕಟ್ಟಬೇಕೆಂದಾಗ ವಿಮೆ ಕೊಂಡವರು ನೂರಕ್ಕೆ 5 ಜನ. ಅದನ್ನೇ ಕಟಾವಾದ ಮೇಲೆ ಕಬ್ಬಿನ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತೇವೆ ಎಂದಾಗ 72 ಜನ. ವಿಮೆ ಅದೇ, ಬೆಳೆ ಅದೇ, ತಾರೀಖು ಬೇರೆ. ಇಂಥದ್ದನ್ನು ಸಂಶೋಧಕರು ತಾವೊಬ್ಬರೇ ಮಾಡಲಾರರು, ಬಿಲ್ಲಿನಲ್ಲಿ ಹಿಡಿಯುವ ಅಧಿಕಾರ ಕಂಪನಿಯದು. ಕಂಪನಿಯೂ ತಾನಾಗಿ ಮಾಡುತ್ತಿರಲಿಲ್ಲ, ಅದರ ಪುಸ್ತಕದಲ್ಲಿ ಉಳಿದ 95 ಜನರಿಲ್ಲ. ಮಂಡ್ಯದಲ್ಲೋ ಬೆಳಗಾವಿಯಲ್ಲೋ ಇದನ್ನೇ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಆದರೆ ಬಿಲ್ಲಿನ ಬಾಕಿಗೇ ಕಾಯುವ ಊರಿನಲ್ಲಿ ಕಾರ್ಖಾನೆಯವರು ಬಿಲ್ಲಿನಲ್ಲಿ ಮುರಿದುಕೊಳ್ಳುವುದಕ್ಕೆ ಯಾರು ಒಪ್ಪುತ್ತಾರೆ ಎಂಬುದು ಬೇರೆಯೇ ಪರೀಕ್ಷೆ.

ಕರ್ನಾಟಕದಲ್ಲಿ ಹವಾಮಾನ ಆಧಾರಿತ ವಿಮೆಯ ಸರ್ಕಾರಿ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದು 2007ರ ಮುಂಗಾರಿನಲ್ಲಿ. 2016ರಿಂದ ಅದರ ಪುನರ್‌ರಚಿತ ರೂಪದಲ್ಲಿ ತೋಟಗಾರಿಕೆ ಬೆಳೆಯ ರೈತ ಕಟ್ಟುವುದು ಹೆಚ್ಚೆಂದರೆ ವಿಮಾ ಮೊತ್ತದ ಶೇ. 5, ಪ್ರೀಮಿಯಮ್ಮಿನಲ್ಲಿ ಉಳಿದದ್ದು ಸರ್ಕಾರಗಳ ಪಾಲು. ನೋಂದಣಿ ಅಂಕಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ 2020ರ ಮುಂಗಾರಿಗೆ ಮುಂಚೆ ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿತ್ತು, ಪ್ರೀಮಿಯಂ ಸೊಸೈಟಿಯಲ್ಲೇ ಮುರಿದುಕೊಳ್ಳುತ್ತಿದ್ದರು. ಅದನ್ನು ಬೇಡಿಕೆ ಎಂದು ನಮ್ಮ ಸ್ಲೈಡಿನಲ್ಲಿ ತೋರಿಸುತ್ತಿದ್ದ ಅಪರಾಧ ನನ್ನದೂ ಹೌದು.

ಕಂಪನಿ ಮತ್ತು ಸಂಶೋಧಕರ ಈ ಜೊತೆಗಾರಿಕೆ ಹೊರಗಿನಿಂದ ಕಂಡಷ್ಟು ನಯವಾಗಿ ನಡೆಯುವುದಿಲ್ಲ. ಕಾನೂನು ವಿಭಾಗದವರು ಮೊದಲ ಕರಡಿನಲ್ಲಿ "ಕಂಪನಿಯ ಪೂರ್ವಾನುಮತಿ ಇಲ್ಲದೆ ಏನನ್ನೂ ಪ್ರಕಟಿಸತಕ್ಕದ್ದಲ್ಲ" ಎಂದು ಬರೆದಿದ್ದರು. ಸಂಶೋಧಕಿ ಓದಿ, ಚೀಲ ಎತ್ತಿಕೊಂಡು ಎದ್ದರು. ಕೊನೆಗೆ ಒಪ್ಪಂದವಾದದ್ದು ಹೀಗೆ: ಪ್ರಕಟಣೆಗೆ ಮೊದಲು ನಮಗೆ ಅರವತ್ತು ದಿನ ಓದಲು ಅವಕಾಶ, ತಿದ್ದಬಹುದಾದದ್ದು ತಪ್ಪು ಅಂಕಿ ಮತ್ತು ಗ್ರಾಹಕರ ಗುರುತು ಮಾತ್ರ, ಬೇಕಿದ್ದರೆ ಕಂಪನಿಯ ಹೆಸರು ಮುಚ್ಚಬಹುದು, ಫಲಿತಾಂಶ ಮುಚ್ಚುವಂತಿಲ್ಲ. ಇದೊಂದು ಷರತ್ತು ಇಲ್ಲದಿದ್ದರೆ ಅದು ಸಂಶೋಧನೆ ಆಗುವುದಿಲ್ಲ, ದುಬಾರಿ ಜಾಹೀರಾತು ಆಗುತ್ತದೆ.

ಕ್ಯಾಲೆಂಡರಿನ ಜಗಳ ಇನ್ನೊಂದು. ಮೊದಲ ವರ್ಷ, ಜನರ ಮೇಲೆ ನಡೆಸುವ ಅಧ್ಯಯನವನ್ನು ಪರಿಶೀಲಿಸುವ ಅವರ ನೈತಿಕ ಸಮಿತಿಯ ಒಪ್ಪಿಗೆ ಬಂದದ್ದು ಆಗಸ್ಟಿನಲ್ಲಿ. ಬಿತ್ತನೆ ಆಗಿ, ನೋಂದಣಿ ಮುಗಿದು, ಒಂದು ಹಂಗಾಮೇ ಹೋಯಿತು. ಈಗ ನಾವು ಜನವರಿಯಲ್ಲೇ ಕಾಗದ ಶುರು ಮಾಡುತ್ತೇವೆ.

ಎರಡನೆಯ ವರ್ಷ, ಬೆಲೆ ಇಳಿದರೆ ಎಷ್ಟು ಜನ ಕೊಳ್ಳುತ್ತಾರೆ ಎಂದು ನೋಡಲು, ರಿಯಾಯಿತಿ ಕೂಪನ್ನುಗಳನ್ನು ಲಕೋಟೆಯಲ್ಲಿ ಹಾಕಿ, ಮನೆ ನಂಬರ್ ಬರೆದು, ಅಂಟಿಸಿ ಏಜೆಂಟರ ಕೈಗೆ ಕೊಟ್ಟೆವು. ಯಾವ ಮನೆಗೆ ಎಷ್ಟು ಎನ್ನುವುದು ಚೀಟಿ ಎತ್ತಿ ನಿರ್ಧಾರವಾದದ್ದು. ಒಂದು ಊರಿನಲ್ಲಿ ದೊಡ್ಡ ರಿಯಾಯಿತಿ ಎಲ್ಲ ಒಂದೇ ಮನೆತನದವರಿಗೆ ಹೋಗಿರುವುದನ್ನು ಆ ವಿದ್ಯಾರ್ಥಿ ಪತ್ತೆ ಹಚ್ಚಿದ. ಏಜೆಂಟ್ ಲಕೋಟೆಗಳನ್ನು ಬಿಸಿ ನೀರಿನ ಆವಿಗೆ ಹಿಡಿದು ಬಿಚ್ಚಿ, ದೊಡ್ಡವನ್ನು ನೆಂಟರಿಗೆ ಹಂಚಿದ್ದ. ಕೇಳಿದರೆ, "ಸಾರ್, ನಮ್ಮ ಮಾವನಿಗೆ ನೂರು, ಪಕ್ಕದ ಮನೆಯವನಿಗೆ ಐನೂರು ಅಂದ್ರೆ ನಾನು ಆ ಊರಿಗೆ ಕಾಲಿಡೋದು ಹೆಂಗೆ?" ಅಂದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆಮೇಲಿಂದ ರೈತರೇ ಎಲ್ಲರೆದುರು ಉಜ್ಜಿ ನೋಡುವ ಕಾರ್ಡು ಮಾಡಿಸಿದೆವು. ಅದೃಷ್ಟವನ್ನು ಊರು ಒಪ್ಪುತ್ತದೆ, ಪಕ್ಷಪಾತವನ್ನು ಒಪ್ಪುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ಕೋಲ್, ಜಿನೆ, ವಿಕರಿ 2017ರಲ್ಲಿ ಪ್ರಕಟಿಸಿದ್ದನ್ನು ನಾನು ಮುಂದಿಡುತ್ತೇನೆ: ಮಳೆ ವಿಮೆ ಸಿಕ್ಕ ರೈತರು ಹೆಚ್ಚು ಆದಾಯ ತರುವ, ಆದರೆ ಮಳೆ ಕೈಕೊಟ್ಟರೆ ಮುಳುಗಿಸುವ ವಾಣಿಜ್ಯ ಬೆಳೆಯ ಕಡೆ ಹೊರಳಿದರು. ಕ್ಲೇಮು ಬರುವ ಮೊದಲೇ, ಬಿತ್ತುವಾಗಲೇ ವಿಮೆ ಕೆಲಸ ಮಾಡಿತ್ತು. ನಾವು ಅಷ್ಟು ವರ್ಷ ಎಣಿಸುತ್ತಿದ್ದದ್ದು ಕ್ಲೇಮನ್ನು ಮಾತ್ರ.

ಆ ಸಂಶೋಧಕಿಯ ಪ್ರಶ್ನೆ ಈಗ ನಮ್ಮ ಏಜೆಂಟರ ಆ್ಯಪಿನಲ್ಲಿ ಒಂದು ಕಾಲಂ. ಬೇಡ ಅಂದವರನ್ನೂ ನಮೂದಿಸಬೇಕು, ಕಾರಣವನ್ನೂ ಆರಿಸಬೇಕು. ಮೊದಲ ತಿಂಗಳ ವರದಿ ಬಂದಾಗ ಹೆಚ್ಚುಕಡಿಮೆ ಎಲ್ಲರದೂ ಒಂದೇ ಕಾರಣ: "ಹಣವಿಲ್ಲ". ಮಾರಾಟದ ಮುಖ್ಯಸ್ಥರಿಗೆ ಖುಷಿಯೋ ಖುಷಿ. ಸಂಶೋಧಕಿ ಫೋನ್ ಇಸಿದುಕೊಂಡು ನೋಡಿ, ಪಟ್ಟಿಯಲ್ಲಿ ಮೊದಲು ಕಾಣುವುದು ಅದೇ ಅಂದರು. ಈ ಹಂಗಾಮಿನಿಂದ ಕಾರಣಗಳ ಕ್ರಮ ಪ್ರತಿ ಸಲ ಬದಲಾಗುವಂತೆ ಮಾಡಿದ್ದೇವೆ. "ಇತರೆ" ಎಂಬಲ್ಲಿ ಏಜೆಂಟರು ಕೈಯಾರೆ ಬರೆದದ್ದನ್ನು ಓದುವುದಕ್ಕೇ ಒಬ್ಬನನ್ನು ಕೂರಿಸಿದ್ದೇವೆ. ಅವನು ಇರುವೆ ಗೂಡು ಬಿಚ್ಚಿದ ಹುಡುಗ.