ಮನ್ನಾ ಆದ ಸಾಲ ಯಾರ ಮೈಮೇಲೆ ಬಿತ್ತು?

ಹೋದ ವರ್ಷ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಸಂಜೆ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಐವತ್ತು ದಾಟಿದ ವಯಸ್ಸು. ಇಲ್ಲೇ ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವರು. ಹತ್ತು ಹನ್ನೆರಡು ವರ್ಷ ಕುಡಿತಕ್ಕೆ ಬಿದ್ದು, ಬಿಟ್ಟು ಎರಡು ವರ್ಷವಾಗಿತ್ತು. ಭಾನುವಾರದ ಆರಾಧನೆ ತಪ್ಪಿಸುತ್ತಿರಲಿಲ್ಲ. ಚಾಪೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಕೇಳಿದರು:

"ಅಯ್ಯಾವ್ರ, ದೇವ್ರು ನನ್ನ ಪಾಪ ಕ್ಷಮಿಸ್ಯಾನ ಅಂತ ನೀವ ಹೇಳೀರಿ. ನಾನೂ ನಂಬೀನಿ. ಮತ್ತ ನನ್ನ ಮಗಳು ಯಾಕ ನನ್ನ ಕೂಡ ಮಾತಾಡವಲ್ಲಳು?"

ಇಪ್ಪತ್ತೆರಡು ವರ್ಷದಿಂದ ಸಭಾಪಾಲಕನಾಗಿದ್ದೇನೆ. ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಸ್ವಲ್ಪ ನಮ್ಮಂಥ ಬೋಧಕರದ್ದೂ ಇದೆ. "ಯೇಸುಸ್ವಾಮಿಯ ಹತ್ತಿರ ಬನ್ನಿ, ಎಲ್ಲ ಸರಿಹೋಗುತ್ತದೆ" ಎಂದು ಹೇಳಿಬಿಡುತ್ತೇವೆ. ಕೇಳಿದವರು ಪಾಪದ ಕ್ಷಮೆ, ಪಾಪದ ಫಲ ಎರಡೂ ಒಂದೇ ಎಂದುಕೊಳ್ಳುತ್ತಾರೆ. ಕ್ಷಮೆ ಸಿಕ್ಕಿದ ಮೇಲೆ ಫಲವೂ ಹೋಗಬೇಕಿತ್ತಲ್ಲ, ಹೋಗಿಲ್ಲ ಅಂದರೆ ಕ್ಷಮೆಯೇ ಸಿಕ್ಕಿಲ್ಲವೇನೋ ಎಂದು ಒಳಗೊಳಗೇ ಹೆದರುತ್ತಾರೆ.

ಅವರು ನೇಕಾರರು, ಹಾಗಾಗಿ ಮಗ್ಗದ ಮಾತನ್ನೇ ಎತ್ತಿದೆ. ಹಾಸಿನಲ್ಲಿ ಒಂದು ಎಳೆ ಹರಿಯಿತು. ಕಣ್ಣಿಗೆ ಬೀಳಲಿಲ್ಲ. ನಾಲ್ಕು ಗೇಣು ನೇಯ್ದುಬಿಟ್ಟಿರಿ. ಆಮೇಲೆ ಗೊತ್ತಾಯಿತು. ಏನು ಮಾಡುತ್ತೀರಿ? "ಎಳಿ ಕೂಡಸ್ತೀವಿ" ಅಂದರು. ಹೌದು. ಹರಿದ ತುದಿಗೆ ಹೊಸ ಎಳೆ ಸೇರಿಸಿ, ಬೆರಳಲ್ಲಿ ಹೊಸೆದು, ಮತ್ತೆ ಲಾಳಿ ಓಡಿಸುತ್ತಾರೆ. ಮುಂದಿನ ಬಟ್ಟೆ ನೆಟ್ಟಗೆ ಬರುತ್ತದೆ. ಆದರೆ ಆ ನಾಲ್ಕು ಗೇಣಿನಲ್ಲಿ ಸಣ್ಣದೊಂದು ಗೆರೆ ಉದ್ದಕ್ಕೂ ಉಳಿಯುತ್ತದೆ. ನೇಯ್ದದ್ದು ನೇಯ್ದದ್ದೇ. ಅವರು ತಲೆ ತಗ್ಗಿಸಿದರು. ಮಗಳ ಎಂಟರಿಂದ ಹದಿನೆಂಟರವರೆಗಿನ ವರ್ಷಗಳು ಆ ನಾಲ್ಕು ಗೇಣಿನಲ್ಲಿವೆ ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಬೈಬಲ್ಲಿನಲ್ಲಿ ದಾವೀದ ಅರಸನ ಕಥೆ ಇದೆ. ಪರರ ಹೆಂಡತಿಯನ್ನು ತಂದಿಟ್ಟುಕೊಂಡು, ಅವಳ ಗಂಡನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ. ನಾತಾನ ಪ್ರವಾದಿ ಎದುರಿಗೆ ನಿಂತು ಹೇಳಿದಾಗ ತಪ್ಪೊಪ್ಪಿಕೊಂಡ. ದೇವರು ನಿನ್ನ ಪಾಪವನ್ನು ತೆಗೆದಿದ್ದಾರೆ, ನೀನು ಸಾಯುವುದಿಲ್ಲ ಎಂದ ನಾತಾನ. ಆದರೆ ಕತ್ತಿ ನಿನ್ನ ಮನೆ ಬಿಟ್ಟು ಹೋಗುವುದಿಲ್ಲ ಎಂದೂ ಹೇಳಿದ. ಮುಂದೆ ಅಮ್ನೋನ, ಅಬ್ಷಾಲೋಮ ಎಂಬ ಮಕ್ಕಳ ಕಾಲಕ್ಕೆ ಅದೇ ಆಯಿತು. ಆ ಭಾಗ ಓದುವುದು ನನಗೆ ಇವತ್ತಿಗೂ ಕಷ್ಟ. ಆದರೂ ಬೈಬಲ್ ಅದನ್ನು ಮುಚ್ಚಿಡದೆ ಬರೆದಿಟ್ಟದ್ದು ಒಳ್ಳೆಯದಾಯಿತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಲ್ಲದಿದ್ದರೆ ಪೆಟ್ಟು ಬೀಳುವುದು ಏನೂ ತಪ್ಪು ಮಾಡದ ಬಡಪಾಯಿಗಳಿಗೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನಮ್ಮ ಸುತ್ತಿನ ಹಳ್ಳಿಗಳಿಗೆ ನುಗ್ಗಿದಾಗ, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಾಗ, ಗಂಜಿ ಕೇಂದ್ರದಲ್ಲಿ ಒಬ್ಬ ಮುದುಕಿ ನನ್ನ ಕೈ ಹಿಡಿದು "ಯಾವ ಪಾಪ ಮಾಡಿದ್ನೋ ಏನೋ" ಎಂದು ಅತ್ತರು. ಯೇಸುಸ್ವಾಮಿಯ ಕಾಲದಲ್ಲೂ ಇದೇ ಮಾತಿತ್ತು. ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಜಾಸ್ತಿ ಪಾಪಿಗಳೆಂದುಕೊಂಡಿರಾ? ಇಲ್ಲ ಎಂದರು ಸ್ವಾಮಿ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗಲೂ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದರು. ಪಾಪಕ್ಕೆ ಫಲವಿದೆ, ಸರಿ. ಆದರೆ ಕಷ್ಟದಲ್ಲಿರುವವರನ್ನು ಕಂಡಾಗಲೆಲ್ಲ ಅವರ ಪಾಪ ಹುಡುಕುವುದಕ್ಕೆ ನಮಗೆ ಅಪ್ಪಣೆ ಇಲ್ಲ. ನಮ್ಮ ಕನ್ನಡದಲ್ಲಿ ನೊಂದವರನ್ನು ಕಂಡರೆ "ಅಯ್ಯೋ, ಪಾಪ" ಅನ್ನುತ್ತೇವಲ್ವಾ? ತಪ್ಪಿಗೂ ಅದೇ ಶಬ್ದ, ಮರುಕಕ್ಕೂ ಅದೇ ಶಬ್ದ. ನನಗೆ ಇದು ಬಹಳ ಇಷ್ಟ.

ಹಾಗಾದರೆ ಪಾಪದ ಫಲ ಅಂದರೆ ಏನು? ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ "ಪಾಪವು ಕೊಡುವ ಸಂಬಳ ಮರಣ" ಎಂಬ ಮಾತಿದೆ. ಅಲ್ಲಿ ಗ್ರೀಕ್ ಮೂಲದಲ್ಲಿರುವುದು ಸಿಪಾಯಿಯ ಸಂಬಳಕ್ಕೆ ಬಳಸುವ ಶಬ್ದ. ಸಂಬಳ ಹೊರಗಿನಿಂದ ಯಾರೋ ಎಸೆಯುವ ಕಲ್ಲಲ್ಲ, ದುಡಿದದ್ದು ಕೈಗೆ ಬರುವುದು. ನಮ್ಮ ಹಿರಿಯರು "ಮಾಡಿದ್ದುಣ್ಣೋ ಮಹಾರಾಯ" ಅಂದದ್ದೂ ಇದನ್ನೇ. ಮತ್ತು ಮರಣ ಅಂದಾಗ ಪೌಲನ ಮನಸ್ಸಿನಲ್ಲಿ ಸುಡುಗಾಡು ಮಾತ್ರ ಇಲ್ಲ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಆದಾಮ ತಪ್ಪು ಮಾಡಿದ ಕೂಡಲೇ ಬಿದ್ದು ಸಾಯಲಿಲ್ಲ. ಮೊದಲು ಮರಗಳ ಹಿಂದೆ ಅಡಗಿಕೊಂಡ. ಆಮೇಲೆ ಹೆಂಡತಿಯ ಕಡೆ ಕೈ ತೋರಿಸಿದ. ಮುಂದಿನ ಅಧ್ಯಾಯದಲ್ಲಿ ಅಣ್ಣ ತಮ್ಮನನ್ನು ಕೊಂದ. ದೇವರಿಂದ ಅಡಗುವುದು, ಹೆಂಡತಿಯ ಮೇಲೆ ಹಾಕುವುದು, ತಮ್ಮನ ಮೇಲೆ ಕೈಮಾಡುವುದು, ಸಾವು ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಕುಡಿತಕ್ಕೆ ಬಿದ್ದ ಮನೆಗಳಲ್ಲಿ ಇದೇ ಮೂರನ್ನು ಇದೇ ಸಾಲಿನಲ್ಲಿ ಕಂಡಿದ್ದೇನೆ.

ಹೀಬ್ರೂ ಭಾಷೆಯಲ್ಲಿ 'ಆವೋನ್' ಎಂಬ ಶಬ್ದವಿದೆ. ತಪ್ಪಿಗೂ ಅದೇ, ತಪ್ಪಿನಿಂದ ಬರುವ ಹೊರೆಗೂ ಅದೇ. ಅದರ ಜೊತೆ ಬರುವ ಕ್ರಿಯಾಪದ 'ನಾಸಾ'. ಹಾಗೆಂದರೆ ಎತ್ತು, ಹೊರು. ತಮ್ಮನನ್ನು ಕೊಂದ ಆ ಅಣ್ಣ ಕಾಯಿನನು ನನ್ನ ಆವೋನ್ ನನ್ನಿಂದ ಹೊರಲಿಕ್ಕಾಗದು ಎಂದು ಗೋಳಾಡಿದಾಗ ಇದೇ ಕ್ರಿಯಾಪದ. ವಿಮೋಚನಕಾಂಡದಲ್ಲಿ ದೇವರು ತಮ್ಮ ಹೆಸರನ್ನು ಸಾರಿ ಹೇಳುವಾಗ ಆವೋನನ್ನು ಕ್ಷಮಿಸುವವರು ಎಂದಿದೆಯಲ್ಲ, ಅಲ್ಲೂ ಅದೇ ನಾಸಾ. ಹೊರುವುದು, ಕ್ಷಮಿಸುವುದು ಎರಡಕ್ಕೂ ಒಂದೇ ಶಬ್ದ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗೆ ಓದಿದ್ದೆ. ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ, ಅಪ್ಪನನ್ನು ನೆನೆದುಕೊಂಡಾಗ.

ನನಗೆ ಹತ್ತು ವರ್ಷವಿದ್ದಾಗ ನಮ್ಮ ಕಾಕಾ ಒಂದು ಪತ್ತಿನ ಸಂಘದಲ್ಲಿ ಸಾಲ ತೆಗೆದರು. ಅಪ್ಪ ಜಾಮೀನು ಹಾಕಿದರು. ಕಾಕಾ ಎರಡು ಕಂತು ಕಟ್ಟಿ, ಪವರ್‌ಲೂಮ್ ಕೆಲಸಕ್ಕೆಂದು ಇಚಲಕರಂಜಿಗೆ ಹೋದವರು ಮತ್ತೆ ಸುದ್ದಿ ಇಲ್ಲ. ನೋಟಿಸು ಅಪ್ಪನ ಹೆಸರಿಗೆ ಬಂತು. ಅವ್ವನ ಕೊರಳ ಬೋರಮಾಳ ಹೋಯಿತು. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರಾತ್ರಿ ಹನ್ನೊಂದರ ತನಕ ನೇಯುತ್ತಿದ್ದರು. ಲಾಳಿಯ ಸದ್ದಿನಲ್ಲೇ ನಾವು ಮಲಗುತ್ತಿದ್ದೆವು. ಮೂರು ಕ್ರಿಸ್‌ಮಸ್ ಹೊಸ ಬಟ್ಟೆ ಇಲ್ಲದೆ ಕಳೆದವು.

ಐದನೇ ವರ್ಷ ಒಂದು ರಾತ್ರಿ ಕಾಕಾ ಬಂದು ಹೊಸ್ತಿಲ ಹೊರಗೆ ನಿಂತರು. ಒಳಗೆ ಬರಲಿಲ್ಲ. ಅಪ್ಪ ಮಗ್ಗದಿಂದ ಎದ್ದು ಬಂದು ನೋಡಿದರು. ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅಪ್ಪ ಅವ್ವನ ಕಡೆ ತಿರುಗಿ "ಅವಗೂ ನೀಡು" ಅಂದರು. ಅಷ್ಟೇ. ಅವ್ವ ರೊಟ್ಟಿ, ಪುಂಡಿಪಲ್ಯ ಹಾಕಿ ತಾಟು ಮುಂದಿಟ್ಟರು. ಕಾಕಾ ಉಣ್ಣುವಾಗ ಅವರ ಕೈ ನಡುಗುತ್ತಿತ್ತು. ಕಾಕಾನ ಪಾಲಿಗೆ ಆ ಕ್ಷಮೆ ಪುಕ್ಕಟೆ. ನಮ್ಮ ಮನೆಗೆ ಪುಕ್ಕಟೆ ಇರಲಿಲ್ಲ. ಇನ್ನೂ ಎರಡು ವರ್ಷದ ಕಂತು ಬಾಕಿ ಇತ್ತು. ಅದನ್ನು ಅಪ್ಪನೇ ಕಟ್ಟಿದರು.

ನನ್ನ ಸ್ನೇಹಿತರೊಬ್ಬರು ಲಿಂಗಾಯತರು, ಶಾಲೆಯ ಮಾಸ್ತರು. ಯೇಸುಸ್ವಾಮಿ ನಮ್ಮ ಪಾಪ ಹೊತ್ತು ಶಿಲುಬೆಯಲ್ಲಿ ಸತ್ತರು ಎಂಬ ನಮ್ಮ ನಂಬಿಕೆಯ ಬಗ್ಗೆ ಅವರು ಆಗಾಗ ಕೇಳುತ್ತಾರೆ: "ದೇವರು ಸುಮ್ನೆ ಕ್ಷಮಿಸಬಹುದಿತ್ತಲ್ರಿ? ಶಿಲುಬೆ ಯಾಕೆ, ರಕ್ತ ಯಾಕೆ?" ಪ್ರಾಮಾಣಿಕವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಸುಮ್ನೆ ಕ್ಷಮಿಸುವುದು ಎಂಬುದೇ ಇಲ್ಲ. ಸಾಲ ಮನ್ನಾ ಆಯಿತು ಅಂದರೆ ಆ ದುಡ್ಡು ಗಾಳಿಗೆ ಹೋಗಲಿಲ್ಲ, ಕೊಟ್ಟವರ ಲೆಕ್ಕಕ್ಕೆ ನಷ್ಟವಾಗಿ ಬಿತ್ತು. ಸಣ್ಣ ತಪ್ಪಾದರೆ ಅದು ಕಾಣುವುದಿಲ್ಲ. ತಪ್ಪು ದೊಡ್ಡದಾದಷ್ಟೂ ಕ್ಷಮಿಸುವವರ ಬೆನ್ನು ಬಾಗುತ್ತದೆ. ಶಿಲುಬೆಯಲ್ಲಿ ನಾವು ಕಾಣುವುದು ದೇವರ ಬಾಗಿದ ಬೆನ್ನನ್ನು.

ಯೇಸುಸ್ವಾಮಿ ಒಂದು ಸಾಮ್ಯ, ಅಂದರೆ ದೃಷ್ಟಾಂತದ ಕಥೆ ಹೇಳಿದ್ದಾರೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಲೆಕ್ಕ ಹಾಕಿ. 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಅರಸ ಅಷ್ಟನ್ನೂ ಬಿಟ್ಟ. ಆ ಸೇವಕ ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ಈ ಕಥೆಯನ್ನು ನೇಕಾರರ ಓಣಿಯಲ್ಲಿ ಹೇಳಿದಾಗ ಎಲ್ಲರೂ ಮೊದಲು ನೋಡುವುದು ಆ ಸೇವಕನ ಕೆಟ್ಟತನವನ್ನು. ಒಬ್ಬ ಹಿರಿಯರು ಮಾತ್ರ "ಆ ಅರಸನ ಗತಿ ಏನಾತ್ರಿ?" ಎಂದು ಕೇಳಿದ್ದರು. ಯೇಸುಸ್ವಾಮಿ ಶಿಲುಬೆಯಲ್ಲಿ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರದ ಪ್ರಶ್ನೆ ಅದೇ.

ಮಾರ್ಕನ ಸುವಾರ್ತೆಯ ಕನ್ನಡದಲ್ಲಿ, ಸ್ವಾಮಿ ತಮ್ಮ ಪ್ರಾಣವನ್ನು "ಈಡು" ಕೊಡಲು ಬಂದರು ಎಂದಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಅವರನ್ನು "ಹೊಣೆಗಾರ" ಎಂದಿದೆ. ಈಡು, ಹೊಣೆ. ನಮ್ಮ ಜನ ದಿನಾ ಬಳಸುವ ಮಾತುಗಳು. ಯೋಹಾನನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಕೊನೆಯ ಮಾತು "ತೀರಿತು". ಗ್ರೀಕಿನಲ್ಲಿ ಆ ಕ್ರಿಯಾಪದಕ್ಕೆ ಮುಗಿಸುವುದು ಎಂಬ ಅರ್ಥವಿದೆ. ಮತ್ತಾಯನ 17ನೇ ಅಧ್ಯಾಯದಲ್ಲಿ ದೇವಾಲಯದ ತೆರಿಗೆ ಕಟ್ಟುವುದಕ್ಕೂ ಅದನ್ನೇ ಬಳಸಿದ್ದಾರೆ. ಆದರೆ ಕನ್ನಡದ "ತೀರಿತು" ಇನ್ನೂ ತುಂಬಿದ ಮಾತು. ಕೆಲಸ ತೀರಿತು. ಸಾಲ ತೀರಿತು. ಮನುಷ್ಯ ತೀರಿಹೋದ. ಶಿಲುಬೆಯಲ್ಲಿ ಮೂರೂ ಒಂದೇ ಉಸಿರಿನಲ್ಲಿ ಆದವು. ಆ ಮಾತು ಓದುವಾಗ ನನಗೆ ಸಾಲದಲ್ಲಿ ಏನೂ ಬಾಕಿ ಇಲ್ಲ ಎಂದು ಸಂಘದಿಂದ ಅಪ್ಪ ತಂದ ಬೇಬಾಕಿ ಪತ್ರ ನೆನಪಾಗುತ್ತದೆ. ಸಾಲ ಮಾಡಿದ್ದು ಕಾಕಾ. ಪತ್ರ ಪಡೆದದ್ದು ಅಪ್ಪ. ಬಿಡುಗಡೆಯಾದದ್ದು ಕಾಕಾ.

ಒಂದು ಉದಾಹರಣೆ ಮಾತ್ರ ನನಗೆ ಹಿಡಿಸುವುದಿಲ್ಲ. ಕೋಪಗೊಂಡ ನ್ಯಾಯಾಧೀಶ, ಅಪರಾಧಿಯ ಬದಲು ತನ್ನ ಮಗನನ್ನೇ ಗಲ್ಲಿಗೆ ಹಾಕಿದ ಎಂದು ಕೆಲವರು ಬೋಧಿಸುತ್ತಾರೆ. ಕೇಳಿದ ಮಕ್ಕಳು ದೇವರಿಗೆ ಹೆದರುತ್ತಾರೆ. ಹೊರಗಿನ ಮೂರನೆಯವನನ್ನು ಎಳೆದು ತಂದು ಶಿಕ್ಷಿಸಿದರೆ ಅದು ಅನ್ಯಾಯವೇ. ಆದರೆ ದೇವರು ಕ್ರಿಸ್ತನಲ್ಲಿದ್ದುಕೊಂಡು ಲೋಕವನ್ನು ತಮಗೆ ಸಮಾಧಾನಪಡಿಸಿಕೊಳ್ಳುತ್ತಿದ್ದರು ಎನ್ನುತ್ತಾನೆ ಪೌಲ. ಹೊತ್ತವರು ದೇವರೇ. ಇದು ಹೇಗೆ ನಡೆಯಿತು ಎಂಬುದಕ್ಕೆ 11ನೇ ಶತಮಾನದ ದೇವಶಾಸ್ತ್ರಜ್ಞ ಆನ್ಸೆಲ್ಮ್ ಸಾಲದ ದಾರಿಯಿಂದ ವಿವರಿಸಿದರು, ಅವರ ನಂತರ ಬಂದ ಅಬೆಲಾರ್ಡ್ ಪ್ರೀತಿಯ ದಾರಿಯಿಂದ. 381ರಲ್ಲಿ ಸಭೆಯ ಹಿರಿಯರು ಕೂಡಿ ಒಪ್ಪಿದ ವಿಶ್ವಾಸ ಪ್ರಮಾಣ ಮಾತ್ರ "ನಮಗೋಸ್ಕರ" ಶಿಲುಬೆಗೆ ಹಾಕಲ್ಪಟ್ಟರು ಎಂದಷ್ಟೇ ಹೇಳಿ ನಿಲ್ಲುತ್ತದೆ. ನನಗೂ ಆ "ನಮಗೋಸ್ಕರ" ಸಾಕು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಪೆಟ್ಟು ತಿನ್ನುವ ಹೆಂಡತಿಗೆ "ಯೇಸು ಶಿಲುಬೆ ಹೊತ್ತರು, ನೀನೂ ಹೊರು ತಂಗಿ" ಎಂದು ಬುದ್ಧಿ ಹೇಳುವುದನ್ನು ಕೇಳಿದ್ದೇನೆ. ಇದು ಮಹಾ ತಪ್ಪು. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದರು ಸ್ವಾಮಿ. ತಾನಾಗಿ ಹೊತ್ತರೆ ಅದು ತ್ಯಾಗ. ಇನ್ನೊಬ್ಬರ ಬೆನ್ನ ಮೇಲೆ ಹೇರಿದರೆ ಅದು ಮತ್ತೊಂದು ಪಾಪ. ಅಂಥ ಹೆಣ್ಣುಮಗಳು ನನ್ನ ಹತ್ತಿರ ಬಂದರೆ ಮೊದಲು ಅವಳಿಗೆ ಸುರಕ್ಷಿತವಾದ ಜಾಗ ಹುಡುಕುತ್ತೇನೆ. ಪ್ರಾರ್ಥನೆ ಅಲ್ಲಿಗೆ ಮುಟ್ಟಿದ ಮೇಲೆ.

ಆ ಸಂಜೆ ಬಂದವರಿಗೂ ಇದೇ ಕಾರಣಕ್ಕೆ ಹೇಳಿದೆ: ಮಗಳ ಹತ್ತಿರ ಕ್ಷಮೆ ಕೊಡು ಎಂದು ಹಟ ಹಿಡಿಯಬೇಡಿ. ಕೊಡುವುದು ಬಿಡುವುದು ಅವಳ ಹಕ್ಕು. ದೇವರು ಕ್ಷಮಿಸಿದ್ದಾರೆ ಎಂಬುದನ್ನು ಅವಳ ಮುಂದೆ ಸಾಕ್ಷಿಯಾಗಿ ಹಿಡಿಯಬೇಡಿ. ನಿಮ್ಮ ಕೈಲಿ ತಿರುಗಿ ಕೊಡಲಿಕ್ಕೆ ಏನಿದೆ ಅದನ್ನು ನೋಡಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಯೇಸುಸ್ವಾಮಿ ಅತಿಥಿಯಾಗಿ ಬಂದಾಗ, ಮೋಸ ಮಾಡಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ ಅವನು. ಸ್ವಾಮಿ ಅವನ ಮನೆಗೆ ಬಂದದ್ದು ಮೊದಲು. ಅವನು ಲೆಕ್ಕ ಬಿಚ್ಚಿದ್ದು ಆಮೇಲೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, ಕುಡಿಯುತ್ತಿದ್ದ ಕಾಲದಲ್ಲಿ ಮಗಳ ಕಿವಿಯ ಬೆಂಡೋಲಿಯನ್ನು ಒತ್ತೆ ಇಟ್ಟಿದ್ದೆ ಅಂದರು. ಅವಳ ಅಜ್ಜಿ ಕೊಟ್ಟದ್ದು. ಅವಳು ನಿದ್ದೆಯಲ್ಲಿದ್ದಾಗ ಟ್ರಂಕಿನಿಂದ ತೆಗೆದದ್ದು.

ಈ ವರ್ಷ ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲೆ ಸ್ವಾಮಿ ಆಡಿದ, ನಾಲ್ಕು ಸುವಾರ್ತೆಗಳಿಂದ ಕೂಡಿಸಿದ ಏಳು ಮಾತುಗಳ ಆರಾಧನೆ ನಡೆಯಿತು. ಆರನೆಯ ಮಾತು "ತೀರಿತು". ಅದನ್ನು ಓದಿದ ಮೇಲೆ ನಮ್ಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಹೊರಗೆ ಓಣಿಯ ಮಗ್ಗಗಳ ಸದ್ದು ಕೇಳುತ್ತಿರುತ್ತದೆ. ಆರಾಧನೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು. ಅಂಗಡಿಯವನು ಅಸಲು ಬಡ್ಡಿ ಎರಡೂ ಮುಟ್ಟಿದೆ ಎಂದು ಬರೆದುಕೊಟ್ಟಿದ್ದ. ಬೆಂಡೋಲಿ ಬಿಡಿಸಿಕೊಂಡು ಬಂದಿದ್ದರು. ಮಗಳಿಗೆ ತಾವೇ ಕೊಡುವ ಧೈರ್ಯ ಬರದೆ ಹೆಂಡತಿಯ ಕೈಗೆ ಕೊಟ್ಟಿದ್ದರು.

ಮಗಳು ಇನ್ನೂ ಮಾತಾಡಿಸಿಲ್ಲ. ಮೊನ್ನೆ ಭಾನುವಾರ ಅವಳ ಕಿವಿಯಲ್ಲಿ ಅವು ಇದ್ದವು.