ಮಳೆ ರಜೆಯಲ್ಲೂ ಬಿಡದ ಕಿರುಕುಳ: ಹದಿಹರೆಯದ ಮನಸ್ಸಿನ ಮೇಲೆ ಸೈಬರ್ ಬುಲ್ಲಿಯಿಂಗ್

ಸೈಬರ್ ಬುಲ್ಲಿಯಿಂಗ್, ಅಂದರೆ ಮೊಬೈಲ್ ಮತ್ತು ಇಂಟರ್ನೆಟ್ ಮೂಲಕ ಕೊಡುವ ಕಿರುಕುಳ, ಹದಿಹರೆಯದವರ ಮನಸ್ಸಿನ ಮೇಲೆ ಯಾವ ಪರಿಣಾಮ ಬೀರುತ್ತದೆ? ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾವು 'ಆತಂಕ, ಖಿನ್ನತೆ, ನಿದ್ರಾಹೀನತೆ' ಎಂದು ಬರೆದು ಮುಂದೆ ಹೋಗುತ್ತೇವೆ. ಅಂಕವೇನೋ ಸಿಗುತ್ತದೆ, ಆದರೆ ಮಗುವಿನೊಳಗೆ ನಡೆಯುವುದು ಅರ್ಥವಾಗುವುದಿಲ್ಲ. ಹಾಗಾಗಿ ಒಂದು ಕಲ್ಪಿತ ಸಂದರ್ಭದಿಂದ ಆರಂಭಿಸುತ್ತೇನೆ.

ಜುಲೈ ತಿಂಗಳು, ಜಡಿಮಳೆ. ಶಾಲೆಗೆ ರಜೆ. ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ. ಹಾಕಿ ಅಭ್ಯಾಸದಲ್ಲಿ ಅವಳು ಕೆಸರಿಗೆ ಬಿದ್ದ ಚಿತ್ರವನ್ನು ಹೆಸರಿಲ್ಲದ ಇನ್‌ಸ್ಟಾಗ್ರಾಮ್ ಖಾತೆಯೊಂದು ಮೈಕಟ್ಟನ್ನು ಹೀಯಾಳಿಸುವ ಸಾಲಿನೊಂದಿಗೆ ಹಾಕಿದೆ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೂ ಅದು ಬಂದಿದೆ.

ಮೊದಲು ವ್ಯಾಖ್ಯಾನ. ಬುಲ್ಲಿಯಿಂಗ್‌ಗೆ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಹೇಳಿದ ಲಕ್ಷಣಗಳು ಮೂರು: ನೋಯಿಸುವ ಉದ್ದೇಶ, ಪುನರಾವರ್ತನೆ, ಬಲದ ಅಸಮತೋಲನ. ಇಲ್ಲಿ ಚಿತ್ರ ಹಾಕಿದ್ದು ಒಂದೇ ಬಾರಿ. ಆದರೂ ಪ್ರತಿ ಹಂಚಿಕೆಯಲ್ಲಿ ಅವಮಾನ ಮರುಕಳಿಸುತ್ತದೆ. ಅದನ್ನು ಅಳಿಸುವ ಅಧಿಕಾರ ಅವಳಿಗಿಲ್ಲ, ಎದುರಾಳಿ ಯಾರೆಂದೂ ಗೊತ್ತಿಲ್ಲ. ಬಲದ ಅಸಮತೋಲನವೆಂದರೆ ಇಲ್ಲಿ ಇದೇ.

ಮೊದಲ ಪೆಟ್ಟು ಅವಮಾನದ್ದು. ತಪ್ಪಿತಸ್ಥ ಭಾವ 'ನಾನು ಮಾಡಿದ್ದು ಸರಿಯಲ್ಲ' ಎನ್ನುತ್ತದೆ. ಅವಮಾನ 'ನಾನೇ ಸರಿಯಿಲ್ಲ' ಎನ್ನುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ಮರೆಯಬೇಡಿ. ತಪ್ಪನ್ನಾದರೆ ತಿದ್ದಿಕೊಳ್ಳಬಹುದು, ಮೈಯನ್ನು ಎಲ್ಲಿ ಬಚ್ಚಿಡುವುದು? ಆ ವಯಸ್ಸಿನಲ್ಲಿ ಗೆಳೆಯರ ಮೆಚ್ಚುಗೆಯೇ ತನ್ನ ಬೆಲೆಯ ಅಳತೆಗೋಲು. ಭಾವನೆಗಳು ತೀವ್ರವಾಗಿರುತ್ತವೆ, ಅವುಗಳನ್ನು ಹತೋಟಿಗೆ ತರುವ ಮಿದುಳಿನ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ. 2003ರ ಒಂದು ಪ್ರಯೋಗದಲ್ಲಿ, ಕಂಪ್ಯೂಟರ್ ಚೆಂಡಾಟದಿಂದ ಹೊರಗಿಡಲ್ಪಟ್ಟವರ ಮಿದುಳಿನಲ್ಲಿ ದೈಹಿಕ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗವೊಂದು ಚುರುಕಾದದ್ದು ಕಂಡಿತು. 'ಮಾತಿಗೆಲ್ಲ ಇಷ್ಟೊಂದು ಅಳುವುದೇ' ಎನ್ನುವವರಿಗೆ ಇದನ್ನು ಹೇಳಬೇಕು.

ಎರಡನೆಯದು ಸಂಶಯ. ನಮ್ಮಂಥ ಚಿಕ್ಕ ಊರುಗಳಲ್ಲಿ ಇದರ ಏಟು ಜೋರು ಎಂಬುದು ನನ್ನ ಅನಿಸಿಕೆ. ಇಲ್ಲಿ ಅನಾಮಧೇಯನೆಂದರೆ ಅಪರಿಚಿತನಲ್ಲ. ಒಂದೇ ಬಸ್ಸಿನಲ್ಲಿ ಬರುವವರಲ್ಲಿ, ಮದುವೆ ಮನೆಯಲ್ಲಿ ಪಕ್ಕ ಕೂರುವವರಲ್ಲಿ ಯಾರೋ ಒಬ್ಬರು. ಹಾಗಾಗಿ ಪರಿಚಿತ ಮುಖಗಳೆಲ್ಲ ಹೆದರಿಸುತ್ತವೆ.

ಇನ್ನು ಮಳೆಗೆ ಕರೆಂಟ್ ಹೋಗಿ ಎರಡು ದಿನ ನೆಟ್‌ವರ್ಕ್ ಇಲ್ಲವೆನ್ನಿ. ಮೊಬೈಲ್ ಸುಮ್ಮನಾದರೆ ನೆಮ್ಮದಿ ಎಂದು ದೊಡ್ಡವರು ಭಾವಿಸುತ್ತಾರೆ. ಅವಳಿಗೋ, 'ಈಗ ಅಲ್ಲಿ ಏನು ಬರೆಯುತ್ತಿರಬಹುದು' ಎಂಬ ಯೋಚನೆ ನಿದ್ದೆ ಕೆಡಿಸುತ್ತದೆ. ಅದೇ ಯೋಚನೆ ಮತ್ತೆ ಮತ್ತೆ ಸುತ್ತುವುದನ್ನು ಮೆಲುಕುಚಿಂತನೆ ಎನ್ನಬಹುದು. ನಿದ್ದೆಗೆಟ್ಟರೆ ಸಿಡುಕು, ಓದಿನಲ್ಲಿ ಹಿನ್ನಡೆ. ರಜೆ ಮುಗಿದ ಮೇಲೆ ಹೊಟ್ಟೆನೋವಿನ ನೆಪ, ಹಾಕಿ ಕೋಲು ಮೂಲೆಗೆ. ದೀರ್ಘಕಾಲ ಮುಂದುವರಿದರೆ ಖಿನ್ನತೆ, ಸ್ವಹಾನಿಯ ಯೋಚನೆಗಳ ಅಪಾಯವೂ ಹೆಚ್ಚುತ್ತದೆ.

ಮನೆಯಲ್ಲಿ ಏಕೆ ಹೇಳುವುದಿಲ್ಲ? ಹೇಳಿದರೆ ಮೊದಲು ಕಿತ್ತುಕೊಳ್ಳುವುದು ಅವಳ ಮೊಬೈಲನ್ನೇ. ನೊಂದವಳಿಗೇ ಶಿಕ್ಷೆ. ಕೇಳಿಸಿಕೊಳ್ಳುವವರು ಮೊದಲಿಗೆ 'ನಿನ್ನ ಮೊಬೈಲ್ ನಿನ್ನ ಬಳಿಯೇ ಇರಲಿ, ಏನಾಯಿತು ಹೇಳು' ಎಂದರೆ ಬಾಯಿ ಬಿಡಲು ಧೈರ್ಯ ಬರುತ್ತದೆ. ಆಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಖಾತೆಯ ಬಗ್ಗೆ ದೂರು ಕೊಟ್ಟು, ಬ್ಲಾಕ್ ಮಾಡಬೇಕು.

ಉತ್ತರದಲ್ಲಿ ಕಾನೂನು ಸೇರಿಸುವವರು ಗಮನಿಸಿ: ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದೆ, ಅದನ್ನು ಬರೆಯಬೇಡಿ. ಮಕ್ಕಳ ಸಹಾಯವಾಣಿ 1098; ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತನಾಡಬಹುದು.